ಮುಳುಗದ ದೋಣಿಯ ಕೊಳೆತ ಬೆನ್ನು

1961ರಲ್ಲಿ ಅಮೆರಿಕದ ‘ಲೈಫ್’ ಪತ್ರಿಕೆ ಒಂದು ವಿಚಿತ್ರ ಚಿತ್ರಸರಣಿ ಪ್ರಕಟಿಸಿತು. ಡಿಕ್ ಫಿಶರ್ ಎಂಬ ಉದ್ಯಮಿ ತನ್ನದೇ ಕಂಪನಿಯ ಪುಟ್ಟ ದೋಣಿಯಲ್ಲಿ ಕೂತಿರುವಾಗಲೇ ಅದನ್ನು ನೀರಿನ ಮೇಲೆ ಗರಗಸದಿಂದ ಎರಡಾಗಿ ಕೊಯ್ಯುತ್ತಾರೆ. ದೋಣಿ ಮುಳುಗುವುದಿಲ್ಲ. ಎಂಜಿನ್ ಇದ್ದ ಹಿಂದಿನ ಅರ್ಧವನ್ನು ಆತ ಓಡಿಸಿಕೊಂಡೇ ಹೋಗುತ್ತಾನೆ. ಅದರ ಹೆಸರು ಬಾಸ್ಟನ್ ವೇಲರ್. ಎರಡು ಫೈಬರ್‌ಗ್ಲಾಸ್ ಚಿಪ್ಪುಗಳ ನಡುವೆ ಫೋಮ್ ತುಂಬಿದ ಈ ದೋಣಿ ಮಾರುಕಟ್ಟೆಗೆ ಬಂದದ್ದು 1958ರಲ್ಲಿ.

ಆ ಕಾಲದ ಫೈಬರ್ ದೋಣಿಗಳು ಅಮೆರಿಕದ ಹಿತ್ತಿಲುಗಳಲ್ಲಿ ಇಂದಿಗೂ ನಿಂತಿವೆ. ಬಣ್ಣ ಮಾಸಿದ್ದರೂ ಮೈ ಗಟ್ಟಿ. ಹೆಚ್ಚಾಗಿ ಹುಳುಕಿರುವುದು ಒಂದು ಜಾಗದಲ್ಲಿ, ಟ್ರಾನ್ಸಮ್‌ನಲ್ಲಿ. ದೋಣಿಯ ಹಿಂಬದಿಯನ್ನು ಮುಚ್ಚುವ ನೇರ ಹಲಗೆಯೇ ಟ್ರಾನ್ಸಮ್. ಮಲ್ಪೆ, ಗಂಗೊಳ್ಳಿಯ ಕಡೆ ಔಟ್‌ಬೋರ್ಡ್ ಎಂಜಿನ್ ಕಟ್ಟಿದ ದೋಣಿ ಕಂಡವರಿಗೆ ಈ ಜಾಗ ಗೊತ್ತು. ಎಂಜಿನ್ ನೇತಾಡುವುದು ಅಲ್ಲೇ, ಪ್ರೊಪೆಲರ್ ಇಡೀ ದೋಣಿಯನ್ನು ಮುಂದಕ್ಕೆ ತಳ್ಳುವುದೂ ಅಲ್ಲಿಂದಲೇ. ತೆಳು ಫೈಬರ್ ಇಷ್ಟು ಒತ್ತಡಕ್ಕೆ ಬಾಗುತ್ತದೆ. ಹಾಗಾಗಿ ಎರಡು ಪದರಗಳ ನಡುವೆ ಸುಮಾರು ಒಂದೂವರೆ ಇಂಚು ದಪ್ಪದ ಪ್ಲೈವುಡ್ ಇಟ್ಟು ಬಿಗಿ ಕೊಡುತ್ತಿದ್ದರು. ಮರದ ದೋಣಿಯ ತಾಪತ್ರಯ ಮುಗಿಯಿತೆಂದು ಜಾಹೀರಾತು ಕೊಟ್ಟವರೇ ಅತಿ ಹೆಚ್ಚು ಭಾರ ಬೀಳುವ ಕಡೆ ಮರವನ್ನು ಅಡಗಿಸಿಟ್ಟಿದ್ದರು. ವೇಲರ್ ಕೂಡ ಇದಕ್ಕೆ ಹೊರತಲ್ಲ.

ಈ ಮರವನ್ನು ಕೊಳೆಸುವಷ್ಟು ನೀರು ಫೈಬರ್ ಪದರದ ಮೂಲಕ ಒಳಗೆ ಹೋಗದು. ಅದು ಹೋಗುವುದು ತೂತುಗಳಿಂದ: ಎಂಜಿನ್ ಬೋಲ್ಟ್, ನೀರು ಹೊರಬಿಡುವ ಬಿರಡೆಯ ಕೊಳವೆ, ಮೀನು ಹುಡುಕುವ ಯಂತ್ರಕ್ಕೆಂದು ಯಾರೋ ಹೊಡೆದ ನಾಲ್ಕು ಸ್ಕ್ರೂ. ಒಳಹೊಕ್ಕ ನೀರಿಗೆ ಹೊರಬರುವ ದಾರಿಯಿಲ್ಲ. ತೇವಕ್ಕೆ ಶಿಲೀಂಧ್ರ ಹುಟ್ಟಿ, ಮರ ವರ್ಷಗಟ್ಟಲೆ ಸದ್ದಿಲ್ಲದೆ ಕಪ್ಪು ಮುದ್ದೆಯಾಗುತ್ತದೆ. ಹೊರಗಿನ ಹೊಳಪಿಗೆ ಮಾತ್ರ ಏನೂ ಆಗಿರುವುದಿಲ್ಲ. ಹಳೆ ದೋಣಿ ಕೊಳ್ಳುವವರು ಮೋಸ ಹೋಗುವುದು ಇದರಿಂದಲೇ.

ಬಲ್ಲವರು ಮೊದಲು ಕಿವಿಯನ್ನು ನಂಬುತ್ತಾರೆ. ಹಲಸಿನ ಹಣ್ಣು ಬಡಿದು ನೋಡುವವರ ಹಾಗೆ ಸಣ್ಣ ಸುತ್ತಿಗೆಯಿಂದ ಅಂಗುಲ ಅಂಗುಲ ಬಡಿಯುತ್ತಾರೆ. ಗಟ್ಟಿ ಮರವಿದ್ದಲ್ಲಿ ಟಣ್ ಎನ್ನುತ್ತದೆ, ಕೊಳೆತಲ್ಲಿ ದಬ್. ಮೇಲೆತ್ತಿದ ಎಂಜಿನ್ನಿನ ಕೆಳತುದಿಗೆ ಭಾರ ಹಾಕಿ ಹಲಗೆ ಬಾಗುತ್ತದೆಯೇ ಎಂದು ನೋಡುವುದೂ ಉಂಟು. ಆದರೂ ಅನುಮಾನ ಉಳಿದರೆ ಒಳಗಡೆಯಿಂದ ಸಣ್ಣ ತೂತು ಕೊರೆದು ಹೊಟ್ಟು ಪರೀಕ್ಷಿಸಬೇಕು. ತಿಳಿ ಬಣ್ಣದ ಒಣ ಹೊಟ್ಟು ಬಂದರೆ ಬದುಕಿದಿರಿ. ಕಪ್ಪಗೆ ಒದ್ದೆಯಾಗಿ ಬಂದರೆ ರಿಪೇರಿ ತಪ್ಪಿದ್ದಲ್ಲ.

ರಿಪೇರಿ ಅರ್ಧ ಬಡಗಿಯ ಕೆಲಸ, ಅರ್ಧ ರಸಾಯನಶಾಸ್ತ್ರ. ಎಂಜಿನ್ ಇಳಿಸಿ, ದೋಣಿಯ ಆಕಾರ ಕೆಡದಂತೆ ತಳಕ್ಕೆ ಆಸರೆ ಕೊಟ್ಟು, ಸಾಮಾನ್ಯವಾಗಿ ಒಳಗಿನ ಪದರವನ್ನೇ ಕೊಯ್ಯುತ್ತಾರೆ. ಹೊರಪದರ ಉಳಿದರೆ ಮೂಲ ಬಣ್ಣವೂ ಆಕಾರವೂ ಉಳಿಯುತ್ತವೆ. ಕೊಳೆತ ಭಾಗ ಕೈಯಲ್ಲೇ ಕಿತ್ತು ಬರುತ್ತದೆ. ಸತಾಯಿಸುವುದು ಮೂಲೆಗಳಲ್ಲಿ ಇನ್ನೂ ಗಟ್ಟಿಯಾಗಿ ಅಂಟಿಕೊಂಡಿರುವ ಮರ. ಅದನ್ನು ಉಳಿಯಿಂದ ಎಬ್ಬಿಸಿ, ಆಮೇಲೆ ಗ್ರೈಂಡರ್ ಹಿಡಿಯಬೇಕು. ಇಡೀ ಕೆಲಸದಲ್ಲಿ ಜನ ಶಪಿಸುವ ಘಟ್ಟ ಇದು. ಗಾಜಿನ ದೂಳು ಚರ್ಮಕ್ಕೆ ತಾಕಿದರೆ ತುರಿಕೆ, ಶ್ವಾಸಕೋಶಕ್ಕೆ ಹೋದರೆ ಇನ್ನೂ ಕೆಟ್ಟದ್ದು. ಒಳ್ಳೆಯ ಮಾಸ್ಕ್ ಇಲ್ಲದೆ ಮುಟ್ಟಬಾರದು.

ಹೊಸ ಹಲಗೆಗೆ ಮೊದಲು ರಟ್ಟಿನಲ್ಲಿ ಅಚ್ಚು ಕತ್ತರಿಸುತ್ತಾರೆ. ಮುಕ್ಕಾಲು ಇಂಚಿನ ಎರಡು ಮರೀನ್ ಪ್ಲೈವುಡ್ ಹಾಳೆ ಬೆಸೆದು, ಅಂಚಿಗೆಲ್ಲ ರೆಸಿನ್ ಎಂಬ ಅಂಟುದ್ರವ ಕುಡಿಸಿ, ಮಂದ ಮಾಡಿದ ಅಂಟು ಮೆತ್ತಿ ಹೊರಪದರಕ್ಕೆ ಒತ್ತಿ ಕ್ಲ್ಯಾಂಪ್ ಬಿಗಿಯುತ್ತಾರೆ. ಮೂಲೆಗಳನ್ನು ಗುಂಡಗೆ ತುಂಬಿ, ಹಲಗೆಯಿಂದ ದೋಣಿಯ ಪಕ್ಕಗಳಿಗೂ ತಳಕ್ಕೂ ಹಾಯುವಂತೆ ಗಾಜಿನ ಬಟ್ಟೆಯ ಪದರಗಳನ್ನು ಹಾಕುತ್ತಾರೆ. ಹಲಗೆಯ ಭಾರ ದೋಣಿಯ ಮೈಗೆ ಹಂಚಿಹೋಗುವುದು ಈ ಪದರಗಳಿಂದ, ಆದ್ದರಿಂದ ಇಲ್ಲಿ ಜಿಪುಣತನ ಸಲ್ಲದು.

ಯಾವ ರೆಸಿನ್ ಎಂಬುದು ಮುಗಿಯದ ಜಗಳ. ಮೂಲ ದೋಣಿಗಳಲ್ಲಿದ್ದದ್ದು ಅಗ್ಗದ ಪಾಲಿಯೆಸ್ಟರ್. ಮಿಷಿಗನ್ ರಾಜ್ಯದ ಬೇ ಸಿಟಿಯ ಗೌಜನ್ ಸಹೋದರರು ಮರದ ದೋಣಿಗಳಿಗೆಂದು ಬೆಳೆಸಿದ ವೆಸ್ಟ್ ಸಿಸ್ಟಮ್‌ನಂಥ ಎಪಾಕ್ಸಿ ದುಬಾರಿ, ಆದರೆ ಹಳೆ ಫೈಬರಿಗೂ ಮರಕ್ಕೂ ಹೆಚ್ಚು ಬಿಗಿಯಾಗಿ ಅಂಟುತ್ತದೆ. ಒಮ್ಮೆಗೇ ಜಾಸ್ತಿ ಕಲಸಿಟ್ಟರೆ ಡಬ್ಬಿಯಲ್ಲೇ ಕಾದು ಹೊಗೆಯಾಡುತ್ತದೆ. ನನ್ನ ಮತ ಎಪಾಕ್ಸಿಗೆ. ಇಷ್ಟು ದೂಳು ತಿಂದ ಮೇಲೆ ಅಂಟಿನಲ್ಲಿ ಉಳಿತಾಯ ಮಾಡುವುದರಲ್ಲಿ ಅರ್ಥವಿಲ್ಲ.

ಮರವೇ ಬೇಡ ಎನ್ನುವವರಿಗೆ ಗಾಜಿನ ನಾರು ಬೆರೆತ ಫೋಮ್ ಹಲಗೆಗಳಿವೆ. ಇನ್ನು ಕೆಲವರು ಮೇಲಂಚನ್ನು ತೆರೆದು, ಮರವನ್ನು ಚೈನ್ ಗರಗಸದಿಂದ ತೋಡಿ ತೆಗೆದು, ಎರಡು ಪದರಗಳ ನಡುವೆ ಗಟ್ಟಿಯಾಗುವ ದ್ರವವನ್ನೇ ಸುರಿಯುತ್ತಾರೆ.

ಯಾವ ದಾರಿ ಹಿಡಿದರೂ ಕೊನೆಗೆ ಮತ್ತೆ ತೂತು ಕೊರೆಯಲೇಬೇಕು, ಎಂಜಿನ್ ಕೂರಬೇಕಲ್ಲ. ಮರ ಹಾಕಿದವರು ಬೋಲ್ಟಿಗಿಂತ ದೊಡ್ಡ ತೂತು ಕೊರೆದು, ಅದಕ್ಕೆ ಎಪಾಕ್ಸಿ ತುಂಬಿ, ಒಣಗಿದ ಮೇಲೆ ಅದರ ನಡುವೆ ಬೋಲ್ಟಿನ ಅಳತೆಗೆ ಇನ್ನೊಮ್ಮೆ ಕೊರೆಯುತ್ತಾರೆ. ಆಗ ಬೋಲ್ಟಿನ ಸುತ್ತ ಹಚ್ಚಿದ ಸೀಲಂಟ್ ಬಿರುಕು ಬಿಟ್ಟು ನೀರು ನುಗ್ಗಿದರೂ ಅದಕ್ಕೆ ಸಿಗುವುದು ಎಪಾಕ್ಸಿಯ ಗೋಡೆಯೇ ಹೊರತು ಮರವಲ್ಲ. ಎಪಾಕ್ಸಿ ಒಣಗಲು ಒಂದು ರಾತ್ರಿ ಕಾಯಬೇಕಾದ ಈ ಕೆಲಸವನ್ನು ಹಳೆಯ ಕಾರ್ಖಾನೆಗಳು ಸಾಮಾನ್ಯವಾಗಿ ಮಾಡುತ್ತಿರಲಿಲ್ಲ.