ಪೆನ್ಸಿಲ್‌ಗೆ ಮೊದಲು ಹಿಟ್ಟಿನ ಉಂಡೆ

ಮಗುವಿಗೆ ಎರಡೂವರೆ ವರ್ಷ ತುಂಬುವ ಮೊದಲೇ ಕೈಗೆ ಪೆನ್ಸಿಲ್ ಕೊಟ್ಟು, ಆ ಪುಟ್ಟ ಕೈಯನ್ನು ಹಿಡಿದು ಅಲಿಫ್, ಬಾ ಅಥವಾ ಅ, ಆ ತಿದ್ದಿಸುವ ತಾಯಂದಿರು ನಮ್ಮಲ್ಲಿ ಬಹಳಷ್ಟಿದ್ದಾರೆ. ಮಗು ಬೇಗ ಕಲಿಯಲಿ ಎಂಬ ಅವರ ಕಳಕಳಿ ಮೆಚ್ಚತಕ್ಕದ್ದೇ. ಆದರೆ ಆ ವಯಸ್ಸಿನ ಕೈ ಬರವಣಿಗೆಗೆ ಸಿದ್ಧವಾಗಿರುವುದಿಲ್ಲ. ಬೆರಳುಗಳಿಗೆ ಬಲ ಬರುವುದು ಹಿಸುಕುವುದರಿಂದ, ಹರಿಯುವುದರಿಂದ, ಬಳಿಯುವುದರಿಂದ, ಮನಸ್ಸಿಗೆ ಬಂದಂತೆ ಗೀಚುವುದರಿಂದ. ಮದ್ರಸಕ್ಕೆ ಬರುವ ಐದಾರು ವರ್ಷದ ಮಕ್ಕಳಲ್ಲಿ ನಾನಿದನ್ನು ಕಾಣುತ್ತಿರುತ್ತೇನೆ. ಅಕ್ಷರಗಳೆಲ್ಲ ಬಾಯಿಪಾಠ, ನಾಲ್ಕು ಸಾಲು ಬರೆಯುವಷ್ಟರಲ್ಲಿ ‘ಉಸ್ತಾದ್, ಕೈ ನೋಯುತ್ತದೆ’ ಎನ್ನುತ್ತಾರೆ.

ಎಳೆಯ ಮಕ್ಕಳ ಚಿತ್ರಕಲೆ, ಕರಕುಶಲ ಎಂದೊಡನೆ ಅಂಗಡಿಗೆ ಓಡಬೇಕಾಗಿಲ್ಲ. ಹೊಲಿಗೆ ಯಂತ್ರದ ಪಕ್ಕದಲ್ಲಿ ಬಿದ್ದಿರುವ ಬಟ್ಟೆ ಚೂರುಗಳಿಂದಲೇ ಆರಂಭಿಸಬಹುದು. ಹುಟ್ಟಿದ ಮೊದಲ ವಾರಗಳಲ್ಲಿ ಮಗುವಿಗೆ ಸ್ಪಷ್ಟವಾಗಿ ಕಾಣುವುದು 20ರಿಂದ 30 ಸೆಂಟಿಮೀಟರ್ ದೂರದವರೆಗೆ ಮಾತ್ರ. ಬಿಳಿ ಬಟ್ಟೆಯ ಮೇಲೆ ಅಗಲವಾದ ಕಪ್ಪು ಪಟ್ಟಿ ಹೊಲಿದು ಅಷ್ಟು ದೂರದಲ್ಲಿ ಹಿಡಿದರೆ ಅದು ಕಣ್ಣು ನೆಟ್ಟು ನೋಡುತ್ತದೆ. ನಾಲ್ಕೈದು ತಿಂಗಳಲ್ಲಿ ಕೈಚಾಚಿ ಹಿಡಿಯತೊಡಗಿದಾಗ ವೆಲ್ವೆಟ್, ಕಾಟನ್, ಉಣ್ಣೆಯ ದೊಡ್ಡ ತುಂಡುಗಳನ್ನು ಒಂದಕ್ಕೊಂದು ಗಟ್ಟಿಯಾಗಿ ಹೊಲಿದು ಕೊಡಿ. ಗುಂಡಿ, ಮಣಿ, ಚಮಕಿ ಬೇಡ. ಆಶೂರಾ ಉಪವಾಸದ ದಿನ ಸಹಾಬಿ ಮಹಿಳೆಯರು ತಮ್ಮ ಚಿಕ್ಕ ಮಕ್ಕಳಿಗಾಗಿ ಉಣ್ಣೆಯ ಆಟಿಕೆ ಮಾಡುತ್ತಿದ್ದರೆಂದು ರುಬಯ್ಯಿಅ್ ಬಿಂತ್ ಮುಅವ್ವಿದ್(ರ)ರಿಂದ ವರದಿಯಾದ ಹದೀಸ್ ಬುಖಾರಿಯಲ್ಲಿದೆ. ಮಗುವಿಗಾಗಿ ಕೈಯಾರೆ ಆಟಿಕೆ ಮಾಡುವುದು ನಮ್ಮ ಮನೆಗಳಿಗೆ ಹೊಸದೇನಲ್ಲ.

ಆರು ತಿಂಗಳು ಕಳೆದು, ಮೇಲಾಹಾರ ಆರಂಭವಾಗಿ, ಮಗು ತಾನಾಗಿ ಕುಳಿತುಕೊಳ್ಳುವಂತಾದಾಗ ಬಣ್ಣದಾಟ ಶುರು ಮಾಡಿ. ಸ್ಟೀಲ್ ತಟ್ಟೆಯಲ್ಲಿ ಎರಡು ಚಮಚ ಮೊಸರು, ಅದಕ್ಕೆ ಬೇಯಿಸಿದ ಬೀಟ್‌ರೂಟಿನ ರಸ. ಇನ್ನೊಂದು ಮೂಲೆಯಲ್ಲಿ ಬೇಯಿಸಿ ನುರಿದ ಸಿಹಿಕುಂಬಳ. ಮಗು ಅಂಗೈಯಲ್ಲಿ ಬಳಿಯುತ್ತದೆ, ಬೆರಳಿನಲ್ಲಿ ಗೆರೆ ಎಳೆಯುತ್ತದೆ, ನೆಕ್ಕುತ್ತದೆ. ‘ಆಹಾರದಲ್ಲಿ ಆಟವೇ? ಇದು ಇಸ್ರಾಫ್ ಅಲ್ಲವೇ?’ ಎಂದು ಮನೆಯ ಹಿರಿಯರು ಕೇಳಬಹುದು. ಕೇಳಬೇಕಾದದ್ದೇ. ಅದಕ್ಕೇ ಎರಡು ಚಮಚ ಎಂದದ್ದು. ಅದರಲ್ಲಿಯೂ ಅರ್ಧ ಹೊಟ್ಟೆಗೇ ಹೋಗುತ್ತದೆ. ಹಳದಿ ಬಣ್ಣಕ್ಕೆ ಅರಶಿನ ಬಳಸುವವರು ಎಚ್ಚರಿಕೆಯಿಂದಿದ್ದರೆ ಒಳ್ಳೆಯದು. ಬಣ್ಣ ಹೊಳೆಯಲೆಂದು ಅರಶಿನಕ್ಕೆ ಸೀಸದ ಕ್ರೋಮೇಟ್ ಬೆರೆಸುತ್ತಿದ್ದ ಸಂಗತಿ 2019ರಲ್ಲಿ ಬಾಂಗ್ಲಾದೇಶದ ಅಧ್ಯಯನವೊಂದರಿಂದ ಪ್ರಕಟವಾಗಿತ್ತು. ಸೀಸವು ಎಳೆಯ ಮಕ್ಕಳ ಮೆದುಳಿಗೆ ಹಾನಿಕರ. ಹಬ್ಬದ ಸಮಯದಲ್ಲಿ ಕೈಗೆ ಸಿಗುವ ಕಪ್ಪು ಮೆಹಂದಿ ಕೋನ್ ಕೂಡಾ ಮಗುವಿನ ಆಟದ ವಸ್ತುವಲ್ಲ. ಅದರಲ್ಲಿ ಬೆರೆತಿರುವ ಕೂದಲ ಬಣ್ಣದ ರಾಸಾಯನಿಕದಿಂದ ಚರ್ಮದಲ್ಲಿ ಗುಳ್ಳೆಗಳೇಳಬಹುದು.

ಒಂದು ವರ್ಷ ದಾಟಿದ ಮಗುವಿಗೆ ನನ್ನ ಪ್ರಕಾರ ಅತ್ಯುತ್ತಮ ಸಾಧನ ಅಕ್ಕಿ ರೊಟ್ಟಿಯ ಹಿಟ್ಟು. ಕುದಿಯುವ ನೀರಿಗೆ ಅಕ್ಕಿ ಹಿಟ್ಟು ಹಾಕಿ, ಚೆನ್ನಾಗಿ ಬೇಯಿಸಿ ನಾದಿದ ಮೇಲೆ, ಆರಿದ ಒಂದು ಉಂಡೆ ಮಗುವಿಗಿರಲಿ. ನೀವು ರೊಟ್ಟಿ ತಟ್ಟುವಾಗ ಅದೂ ತಟ್ಟಲಿ. ಒತ್ತಲಿ, ಹಾವಿನಂತೆ ಹೊಸೆಯಲಿ, ಲೋಟದ ಬಾಯಿಯಿಂದ ಅಚ್ಚು ಹಾಕಲಿ. ಬಾಯಿಗೆ ಹಾಕಿದರೂ ಬೆಂದ ಹಿಟ್ಟು; ದೊಡ್ಡ ತುಂಡು ನುಂಗದಂತೆ ನೋಡಿಕೊಂಡರಾಯಿತು. ಮೈದಾಕ್ಕೆ ತುಂಬಾ ಉಪ್ಪು ಬೆರೆಸಿ ಮಾಡುವ ಆಟದ ಹಿಟ್ಟನ್ನು ಈ ವಯಸ್ಸಿಗೆ ಕೊಡಬೇಡಿ. ಅಷ್ಟು ಉಪ್ಪು ಹೊಟ್ಟೆಗೆ ಹೋದರೆ ಅಪಾಯ. ಅಡುಗೆ ಮುಗಿಯುವವರೆಗೆ ಸುಮ್ಮನಿರಲೆಂದು ಮಗುವಿನ ಕೈಗೆ ಮೊಬೈಲ್ ಕೊಡುವ ಮನೆಗಳಲ್ಲಿ ಇದನ್ನೊಮ್ಮೆ ಪ್ರಯತ್ನಿಸಬಹುದು. ಒಂದು ವರ್ಷದೊಳಗಿನ ಮಕ್ಕಳಿಗೆ ಪರದೆಯೇ ಬೇಡ, ಎರಡು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ.

ಹಳೆಯ ಕಾಗದ ಹರಿಯುವುದೂ ಒಂದು ಒಳ್ಳೆಯ ಕಸರತ್ತು. ಕುರ್‌ಆನ್ ವಚನಗಳಿರುವ ಪುಟಗಳನ್ನು ಮೊದಲೇ ತೆಗೆದಿಡಿ. ಬೆಂಡೆಕಾಯಿಯನ್ನು ಅಡ್ಡ ಕತ್ತರಿಸಿ ಬೀಟ್‌ರೂಟ್ ರಸದಲ್ಲಿ ಅದ್ದಿ ಒತ್ತಿದರೆ ಕಾಗದದ ಮೇಲೆ ಹೂವು ಮೂಡುತ್ತದೆ. ಎರಡು ವರ್ಷದವರಿಗೆ ಅದೊಂದು ಪವಾಡ!

ಒಂದೂಕಾಲು, ಒಂದೂವರೆ ವರ್ಷದ ಹೊತ್ತಿಗೆ ಮಕ್ಕಳು ಗೀಚತೊಡಗುತ್ತಾರೆ. ದಪ್ಪ ಕ್ರೇಯಾನ್ ಕೊಟ್ಟು, ದೊಡ್ಡ ಹಾಳೆಯನ್ನು ನೆಲಕ್ಕೆ ಅಂಟಿಸಿ, ಹತ್ತಿರವೇ ಕುಳಿತಿರಿ. ಮುಷ್ಟಿಯಲ್ಲಿ ಹಿಡಿದರೆ ಹಿಡಿಯಲಿ. ‘ಇದೇನು ಚಿತ್ರ?’ ಎಂದು ಕೇಳಬೇಡಿ. ‘ಎಷ್ಟು ಉದ್ದದ ಕೆಂಪು ಗೆರೆ!’ ಎನ್ನಿ. ಹಾಳೆಯ ಹಿಂಬದಿಗೆ ದಿನಾಂಕ ಬರೆದು ತಿಂಗಳಿಗೊಂದನ್ನು ತೆಗೆದಿಡಿ. ಗೋಜಲು ಗೆರೆಗಳು ನಿಧಾನವಾಗಿ ನೆಟ್ಟಗಾಗಿ, ಮೂರು ವರ್ಷದ ಆಸುಪಾಸಿನಲ್ಲಿ ಒಂದು ದಿನ ಗೆರೆಯ ಎರಡೂ ತುದಿಗಳು ಕೂಡಿ ಸೊಟ್ಟ ವೃತ್ತವೊಂದು ಕಾಣಿಸಿಕೊಳ್ಳುತ್ತದೆ.