ವೀಸಾ ಹಾದಿ: ಕೀಲಿಕೈ ಯಾರ ಬಳಿ?

ಆಸ್ಟ್ರೇಲಿಯಾದಲ್ಲಿ ನೆಲೆಸಬಯಸುವ ನಮ್ಮ ಯುವಕರು ಮೊದಲು ಕೇಳುವುದು, ಯಾವ ವೀಸಾ ಬೇಗ ಸಿಗುತ್ತದೆ ಎಂದು. ಕಾಯಂ ವಾಸದ ಕೀಲಿಕೈ ಯಾರ ಬಳಿ ಉಳಿಯುತ್ತದೆ ಎಂಬುದು ಅದಕ್ಕಿಂತ ಮುಖ್ಯವಾದ ಪ್ರಶ್ನೆ.

ಅಂಕಾಧಾರಿತ ಮಾರ್ಗಗಳು ಮೂರು. 189ನೇ ಉಪವರ್ಗಕ್ಕೆ ಪ್ರಾಯೋಜಕರು ಬೇಕಿಲ್ಲ. ಅದು ಮೊದಲ ದಿನದಿಂದಲೇ ಕಾಯಂ. 190 ಸಹ ಕಾಯಂ. ಆದರೆ ರಾಜ್ಯವೊಂದರ ನಾಮನಿರ್ದೇಶನ ಬೇಕು, ಅದಕ್ಕೆ 5 ಅಂಕ. 2019ರ ನವೆಂಬರಿನಲ್ಲಿ ಬಂದ 491ಕ್ಕೆ 15 ಅಂಕ ದೊರೆತರೂ ಅದು ಐದು ವರ್ಷಗಳ ತಾತ್ಕಾಲಿಕ ವೀಸಾ. ಸಿಡ್ನಿ, ಮೆಲ್ಬರ್ನ್, ಬ್ರಿಸ್ಬೇನ್‌ಗಳ ಹೊರಗೆ ಮೂರು ವರ್ಷ ಬಾಳಿದ ಮೇಲಷ್ಟೇ ಕಾಯಂ ವಾಸಕ್ಕೆ ಅರ್ಜಿ.

ಉದ್ಯೋಗದಾತರ ಮೂಲಕ ದೊರೆಯುವ 482 ಆಕರ್ಷಕ. ಆದರೆ ಅಲ್ಲಿ ಕೀಲಿಕೈ ಮಾಲೀಕನದು. ಕೆಲಸ ಹೋದರೆ ಹೊಸ ಪ್ರಾಯೋಜಕನನ್ನು ಹುಡುಕಲು ಒಮ್ಮೆಗೆ 180 ದಿನಗಳ ಅವಕಾಶ ಮಾತ್ರ.

ಕಾಯುವಿಕೆಗೂ ಬೆಲೆಯುಂಟು. 25ರಿಂದ 32ರ ವಯಸ್ಸಿಗೆ 30 ಅಂಕ, 33ಕ್ಕೆ 25, 40 ತುಂಬಿದರೆ 15, 45ರ ನಂತರ ಆಹ್ವಾನವೇ ಇಲ್ಲ. 65 ಅಂಕ ಕೇವಲ ಅರ್ಹತೆ. ಆಹ್ವಾನಕ್ಕೆ ಪೈಪೋಟಿ ಬೇರೆ.

ಆದ್ದರಿಂದ ವಯಸ್ಸು ಕೈಯಲ್ಲಿರುವವರು 189, 190ಕ್ಕೆ ಮೊದಲು ಪ್ರಯತ್ನಿಸುವುದು ಲೇಸು; ಆಸಕ್ತಿ ಸೂಚಿಸಲು ಶುಲ್ಕವೂ ಇಲ್ಲ. ನಲವತ್ತು ಸಮೀಪಿಸಿದವರಿಗೆ 491 ಸೋಲಲ್ಲ. ಆದರೆ ಸಣ್ಣ ಊರಿನಲ್ಲಿ ಪತಿ-ಪತ್ನಿ ಇಬ್ಬರಿಗೂ ಉದ್ಯೋಗ ದೊರೆಯುವುದೇ ಎಂಬುದನ್ನು ಮೊದಲೇ ವಿಚಾರಿಸಬೇಕು. ಮನೆ ಅಡವಿಟ್ಟು ಮಕ್ಕಳನ್ನು ಕಳುಹಿಸುವ ತಂದೆತಾಯಂದಿರು ಏಜೆಂಟರನ್ನು ಕೇಳಬೇಕಾದುದು ಒಂದೇ: ನೌಕರಿ ಹೋದ ಮರುದಿನ ಈ ವೀಸಾ ಉಳಿಯುತ್ತದೆಯೇ?