ಕಡಲ ನಡುವಿನ ಕಲ್ಲಿನ ಕಂಬಗಳು

ಅಕ್ಕಾ, ನೀವು ಕಡಲು ನೋಡಿದ್ದೀರಾ? ನಾವು ನೋಡಿರಲಿಲ್ಲ. ನಮ್ಮದು ಶಿವಮೊಗ್ಗ ಜಿಲ್ಲೆಯ ಒಂದು ಹಳ್ಳಿ. ನಮಗೆ ಗೊತ್ತಿದ್ದದ್ದು ಮನೆ, ಗದ್ದೆ, ಊರ ಕೆರೆ. ಅಷ್ಟೇ.

ಕಲಿಕಾ ಕೇಂದ್ರದಲ್ಲಿ ಓದು ಬರಹ ಕಲಿತೆವು. ಒಂದು ದಿನ ಪಾಠದಲ್ಲಿ 'ದ್ವೀಪ' ಎಂಬ ಪದ ಬಂತು. ಸುತ್ತಲೂ ನೀರು, ನಡುವೆ ನೆಲ. ಅದೇ ದ್ವೀಪ. "ಓದಿದ್ದಾಯ್ತು. ಒಂದು ಸಲ ಕಣ್ಣಾರೆ ನೋಡಬೇಕಲ್ಲ" ಅಂದಳು ನಮ್ಮಲ್ಲಿ ಒಬ್ಬಳು. ಆ ಮಾತನ್ನು ನಾವು ಅಲ್ಲಿಗೇ ಬಿಡಲಿಲ್ಲ. ಸಂಘದಲ್ಲಿ ಪ್ರತಿ ತಿಂಗಳು ಸ್ವಲ್ಪ ದುಡ್ಡು ಕೂಡಿಸಿದೆವು.

"ಈ ವಯಸ್ಸಲ್ಲಿ ಇವರಿಗೆ ಟೂರು ಬೇರೆ ಕೇಡು" ಅಂತ ಊರಲ್ಲಿ ಕೆಲವರು ನಕ್ಕರು. ನಕ್ಕರೆ ನಗಲಿ ಅಂತ ಹೊರಟೆವು. ನಾವು ಒಟ್ಟು 12 ಜನ.

ಮಲ್ಪೆಯಿಂದ ದೋಣಿ

ಆಗುಂಬೆ ಘಾಟಿ ಇಳಿದರೆ ಉಡುಪಿ ಜಿಲ್ಲೆ. ಉಡುಪಿ ಊರಿನ ಹತ್ತಿರವೇ ಮಲ್ಪೆ. ಅದು ದೊಡ್ಡ ಮೀನುಗಾರಿಕೆ ಬಂದರು. ಅಲ್ಲಿಂದ ಕಡಲಿನಲ್ಲಿ ಸುಮಾರು 6 ಕಿಲೋಮೀಟರ್ ಹೋದರೆ ಸೇಂಟ್ ಮೇರಿ ದ್ವೀಪ. ಮಳೆಗಾಲದಲ್ಲಿ ಕಡಲು ಏಳುತ್ತದೆ. ಆಗ ದೋಣಿ ಬಿಡುವುದಿಲ್ಲ. ನಾವು ಹೋದದ್ದು ಚಳಿಗಾಲದಲ್ಲಿ.

ಟಿಕೆಟಿನ ಬೆಲೆ ಬೋರ್ಡಿನ ಮೇಲೆ ಬರೆದಿತ್ತು. ನಾವೇ ಓದಿದೆವು. 12 ಜನರ ಲೆಕ್ಕವನ್ನೂ ನಾವೇ ಹಾಕಿದೆವು. ಚಿಲ್ಲರೆ ಎಣಿಸಿ ತಗೊಂಡೆವು.

ದಾರಿ ತೋರಿಸಲು ಒಬ್ಬ ಹುಡುಗ ಬಂದ. ಅವನನ್ನು ಗೈಡ್ ಅನ್ನುತ್ತಾರೆ. ಮೀನುಗಾರರ ಮನೆಯ ಹುಡುಗ, ಕಡಲು ಬಲ್ಲವನು. "12 ಜನ ಅಂದ್ರೆ ಒಳ್ಳೇದಾಯ್ತು ಅಮ್ಮಾ" ಅಂದ. "ನನ್ನ ಮಾತು ಎಲ್ಲರಿಗೂ ಕೇಳುತ್ತೆ. 50 ಜನ ಬಂದ್ರೆ ಯಾರು ಎಲ್ಲಿದ್ದಾರೆ ಅಂತಾನೇ ಗೊತ್ತಾಗಲ್ಲ. ಗದ್ದಲಕ್ಕೆ ಹಕ್ಕಿಗಳೂ ಹಾರಿ ಹೋಗ್ತವೆ."

ಎಲ್ಲರೂ ಲೈಫ್ ಜಾಕೆಟ್ ಹಾಕಿಕೊಂಡೆವು. ಇದು ನೀರಿನಲ್ಲಿ ಮುಳುಗದಂತೆ ತೇಲಿಸುವ ಅಂಗಿ. ಸೀರೆಯ ಮೇಲೆ ಅದನ್ನು ಹಾಕಿದಾಗ ಒಬ್ಬರನ್ನೊಬ್ಬರು ನೋಡಿ ನಕ್ಕೆವು.

ಈ ಕಂಬ ಕೆತ್ತಿದವರು ಯಾರು?

ದ್ವೀಪದಲ್ಲಿ ಊರಿಲ್ಲ, ಮನೆಯಿಲ್ಲ. ತೆಂಗಿನ ಮರಗಳಿವೆ. ಎಲ್ಲಿ ನೋಡಿದರೂ ಕಲ್ಲಿನ ಕಂಬಗಳು. ಒಂದಕ್ಕೊಂದು ಒತ್ತಿ ನಿಂತಿವೆ. ಕೆಲವು ಮೊಣಕಾಲೆತ್ತರ. ಕೆಲವು ಮನೆಯ ಸೂರಿಗಿಂತ ಎತ್ತರ. ಕೆಲವಕ್ಕೆ 5 ಮೂಲೆ, ಕೆಲವಕ್ಕೆ 6, ಕೆಲವಕ್ಕೆ 7.

"ಯಾವ ರಾಜ ಕೆತ್ತಿಸಿದ್ದು ತಮ್ಮಾ?" ಅಂತ ನಮ್ಮ ಹಿರಿಯಕ್ಕ ಕೇಳಿದರು.

"ಯಾರೂ ಕೆತ್ತಿಲ್ಲ ಅಮ್ಮಾ. ಬೇಸಿಗೆಯಲ್ಲಿ ನಿಮ್ಮೂರ ಕೆರೆ ಒಣಗಿದಾಗ ಕೆಸರು ಏನಾಗುತ್ತೆ?"

"ಬಿರುಕು ಬಿಡುತ್ತೆ."

"ಇಲ್ಲೂ ಹಾಗೇ ಆಯ್ತು" ಅಂದ ಅವನು. ಆಮೇಲೆ ಬಿಡಿಸಿ ಹೇಳಿದ.

ಭೂಮಿಯ ಒಳಗೆ ಬಹಳ ಬಿಸಿ ಇದೆ. ಅಲ್ಲಿ ಕಲ್ಲು ಕೂಡ ಕರಗುತ್ತದೆ. ಕರಗಿದ ಕಲ್ಲು ಮೇಲೆ ಉಕ್ಕಿ ಬಂದರೆ ಅದಕ್ಕೆ ಲಾವಾ ಎನ್ನುತ್ತಾರೆ. ಇಲ್ಲಿ ಹಿಂದೊಮ್ಮೆ ಲಾವಾ ಉಕ್ಕಿ ಹರಡಿತು. ಬಿಸಿ ವಸ್ತು ತಣ್ಣಗಾದರೆ ಕುಗ್ಗುತ್ತದೆ. ಲಾವಾ ಕೂಡ ಕುಗ್ಗಿತು, ಬಿರುಕು ಬಿಟ್ಟಿತು. ಕೆರೆಯ ಕೆಸರು ನೀರು ಆರಿ ಬಿರುಕು ಬಿಡುತ್ತದೆ. ಲಾವಾ ಬಿಸಿ ಆರಿ ಬಿರುಕು ಬಿಟ್ಟಿತು. ವ್ಯತ್ಯಾಸ ಅಷ್ಟೇ. ಬಿರುಕು ಮೇಲಿನಿಂದ ಕೆಳಗೆ ಇಳಿಯುತ್ತಾ ಹೋಯಿತು. ಹೀಗೆ ಕಂಬಗಳಾದವು.

ಇದು ಯಾವಾಗ ಆದದ್ದು ಗೊತ್ತೇ? ಸುಮಾರು 8 ಕೋಟಿ 80 ಲಕ್ಷ ವರ್ಷಗಳ ಹಿಂದೆ. ಆಗ ಮನುಷ್ಯರೇ ಇರಲಿಲ್ಲ. ಹಿಮಾಲಯ ಪರ್ವತವೂ ಇರಲಿಲ್ಲ. ಆಫ್ರಿಕಾದ ಹತ್ತಿರ ಮಡಗಾಸ್ಕರ್ ಎಂಬ ದೊಡ್ಡ ದ್ವೀಪವಿದೆ. ಆ ಕಾಲದಲ್ಲಿ ಅದು ನಮ್ಮ ನೆಲಕ್ಕೆ ಅಂಟಿಕೊಂಡಿತ್ತು. ಎರಡೂ ಬೇರೆಯಾಗುವ ಹೊತ್ತಿಗೆ ಈ ಲಾವಾ ಉಕ್ಕಿತು. ಮಡಗಾಸ್ಕರಿನಲ್ಲೂ ಅದೇ ಕಾಲದ ಲಾವಾ ಕಲ್ಲುಗಳಿವೆ. ಒಂದೇ ಮನೆ ಪಾಲಾದ ಹಾಗೆ!

ಅದಕ್ಕೇ ಈ ಜಾಗವನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂದು ಗುರುತಿಸಿದ್ದಾರೆ. ಸ್ಮಾರಕ ಅಂದರೆ ಗುಡಿ, ಕೋಟೆ ಮಾತ್ರ ಅಲ್ಲ. ಕಲ್ಲೂ ಸ್ಮಾರಕವೇ.

ಹೆಸರು ಬಂದದ್ದು ಹೇಗೆ?

1498ರಲ್ಲಿ ವಾಸ್ಕೋ ಡ ಗಾಮ ಎಂಬ ಪೋರ್ಚುಗೀಸ್ ನಾವಿಕ ಹಡಗಿನಲ್ಲಿ ಭಾರತಕ್ಕೆ ಬಂದ. ಅವನು ಈ ದ್ವೀಪದಲ್ಲಿ ಇಳಿದು, ಶಿಲುಬೆ ನೆಟ್ಟು, ಮೇರಿ ಮಾತೆಯ ಹೆಸರು ಇಟ್ಟ ಎಂದು ಹೇಳುತ್ತಾರೆ. ತೋನ್ಸೆಪಾರ್ ಎಂಬ ಹೆಸರೂ ಇದಕ್ಕೆ ಇದೆ.

ಚಿಪ್ಪು ಯಾರದು?

ದಡದ ಒಂದು ಕಡೆ ಮರಳಿಗಿಂತ ಚಿಪ್ಪುಗಳೇ ಹೆಚ್ಚು. ಒಬ್ಬಳು ಮೊಮ್ಮಗಳಿಗೆ ಅಂತ ಸೆರಗಿನ ತುಂಬಾ ಆರಿಸಿಕೊಂಡಳು. ಗೈಡ್ ಹುಡುಗ ಬಯ್ಯಲಿಲ್ಲ. "ಅಕ್ಕಾ, ಸನ್ಯಾಸಿ ಏಡಿ ಅಂತ ಒಂದಿದೆ. ಅದಕ್ಕೆ ಸ್ವಂತ ಚಿಪ್ಪಿಲ್ಲ. ಬಿದ್ದ ಚಿಪ್ಪೇ ಅದಕ್ಕೆ ಮನೆ. ದಿನಾ ಬರೋರೆಲ್ಲ ಒಂದೊಂದು ಮುಷ್ಟಿ ತಗೊಂಡು ಹೋದ್ರೆ ಏನು ಉಳಿಯುತ್ತೆ?" ಅಂದ. ಅವಳು ಸೆರಗು ಬಿಚ್ಚಿ ಎಲ್ಲವನ್ನೂ ಅಲ್ಲೇ ಸುರಿದಳು. "ಮೊಮ್ಮಗಳಿಗೆ ಕತೆ ಹೇಳ್ತೀನಿ ಬಿಡು" ಅಂದಳು.

ಎರಡು ಸಾಲು ಓದಿದ್ದು

ಇನ್ನೊಬ್ಬಳು ಫೋಟೋ ತೆಗೆಸಿಕೊಳ್ಳಲು ನೀರಿನ ಅಂಚಿನ ಬಂಡೆಯ ಕಡೆ ನಡೆದಳು. ಅಲ್ಲೊಂದು ಬೋರ್ಡ್ ಇತ್ತು. ನಮ್ಮ ಹಿರಿಯಕ್ಕನಿಗೆ 62 ವರ್ಷ. ಅಕ್ಷರ ಕಲಿತು ಇನ್ನೂ ಒಂದು ವರ್ಷ. ಅವರು ಬೋರ್ಡಿನ ಮುಂದೆ ನಿಂತು ಒಂದೊಂದೇ ಅಕ್ಷರ ಕೂಡಿಸಿ ಗಟ್ಟಿಯಾಗಿ ಓದಿದರು. "ಅ-ಪಾ-ಯ. ಮುಂ-ದೆ ಹೋ-ಗ-ಬೇ-ಡಿ." ಓದಿದವರೇ ಕೂಗಿದರು, "ಏ ನಿಲ್ಲೇ! ಮುಂದೆ ಹೋಗಬಾರದಂತೆ!"

ಅವಳು ನಿಂತಳು. ಅಷ್ಟರಲ್ಲಿ ದೊಡ್ಡ ಅಲೆಯೊಂದು ಬಂತು. ಅವಳು ಹತ್ತಬೇಕೆಂದಿದ್ದ ಬಂಡೆ ಪೂರ್ತಿ ಮುಳುಗಿ ಎದ್ದಿತು.

ನಮ್ಮ ಎದೆ ಝಲ್ಲೆಂದಿತು. ಹುಡುಗ ಓಡಿ ಬಂದ. "ಈ ಬಂಡೆಗಳು ಪಾಚಿ ಹಿಡಿದು ಜಾರುತ್ತವೆ. 2022ರ ಏಪ್ರಿಲ್‌ನಲ್ಲಿ ಕೇರಳದಿಂದ ಬಂದ ವಿದ್ಯಾರ್ಥಿಗಳು ಇಲ್ಲೇ ನೀರುಪಾಲಾದರು" ಅಂದ. ಅವರು ಓದಿದವರು, ಈಜು ವಯಸ್ಸಿನವರು. ಕಡಲಿಗೆ ಅದೆಲ್ಲ ಲೆಕ್ಕವಿಲ್ಲ.

ವಾಪಸು ಬರುವಾಗ ದೋಣಿಯಲ್ಲಿ ಹಿರಿಯಕ್ಕ ಸುಮ್ಮನೆ ಕೂತಿದ್ದರು. ಆಮೇಲೆ ಹೇಳಿದರು, "ಹೆಬ್ಬೆಟ್ಟು ಒತ್ತುವಾಗ ಬೋರ್ಡ್ ಅಂದ್ರೆ ನನಗೆ ಬರೀ ಬಣ್ಣದ ತಗಡು. ಇವತ್ತು ಅದು ಮಾತಾಡ್ತು."

ನೀವು ಹೋಗುವುದಾದರೆ

ಸಣ್ಣ ಗುಂಪಾಗಿ ಹೋಗಿ. ಜಾಗ ಬಲ್ಲವರನ್ನು ಜೊತೆಗೆ ಕರೆದುಕೊಳ್ಳಿ.
ಲೈಫ್ ಜಾಕೆಟ್ ಬಿಚ್ಚಬೇಡಿ.
ಕುಡಿಯುವ ನೀರು ಒಯ್ಯಿರಿ. ಕಸ ಬಿಸಾಡದೆ ವಾಪಸು ತನ್ನಿ.
ಕಲ್ಲು, ಚಿಪ್ಪು ಅಲ್ಲೇ ಇರಲಿ.
ಬೋರ್ಡ್ ಕಂಡರೆ ನಿಂತು ಓದಿ. ಓದಲು ಬಾರದವರಿಗೆ ಗಟ್ಟಿಯಾಗಿ ಓದಿ ಹೇಳಿ.

ಓದಿದಿರಾ? ಈಗ ಉತ್ತರ ಹೇಳಿ

1. ಕೆರೆಯ ಕೆಸರು ಬಿರುಕು ಬಿಡುವುದಕ್ಕೂ ಲಾವಾ ಬಿರುಕು ಬಿಡುವುದಕ್ಕೂ ಏನು ವ್ಯತ್ಯಾಸ?
2. ಚಿಪ್ಪುಗಳನ್ನು ಯಾಕೆ ತರಬಾರದು?
3. ನಿಮ್ಮೂರಿನಲ್ಲಿ ಯಾವ ಯಾವ ಬೋರ್ಡುಗಳಿವೆ? ನಾಳೆ ಹೋಗಿ ಓದಿ ಬನ್ನಿ.